ರವೆ ಕೇಕು ಮಾಡೋದಾದರೆ ಮೊದಲು ರವೆ ನೆನೆಸಿ

ಕೇಕು ಅಂದ ಕೂಡಲೇ ಅಂಗಡಿಗೆ ಓಡಿ ಬೆಣ್ಣೆ, ಎಸೆನ್ಸು, ಐಸಿಂಗ್ ಶುಗರ್ ಅಂತ ದುಡ್ಡು ಸುರಿದು ಬರ್ತೀರಲ್ಲ, ನೋಡಿದರೆ ಸಂಕಟವಾಗುತ್ತೆ. ಉಪ್ಪಿಟ್ಟಿಗೆ ತಂದ ರವೆ, ಹುಳಿ ಬಂದ ಮೊಸರು, ಸಕ್ಕರೆ, ಅಡುಗೆ ಎಣ್ಣೆ, ಒಂಚೂರು ಹಾಲು, ಏಲಕ್ಕಿ, ಚಿಟಿಕೆ ಉಪ್ಪು, ಸೋಡಾಪುಡಿ. ಇಷ್ಟು ಸಾಕು. ಮೊಟ್ಟೆಯೂ ಬೇಡ, ಓವನ್ನೂ ಬೇಡ.

ಚಿರೋಟಿ ರವೆ ಒಂದು ಲೋಟ. ದಪ್ಪ ರವೆಯಾದರೆ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ. ಅದೇ ಲೋಟದಲ್ಲಿ ಮೊಸರು ಒಂದು, ಸಕ್ಕರೆ ಮುಕ್ಕಾಲು, ಎಣ್ಣೆ ಕಾಲಕ್ಕಿಂತ ಒಂಚೂರು ಜಾಸ್ತಿ. ಕಡಲೆಕಾಯಿ ಎಣ್ಣೆಯ ವಾಸನೆ ಮುಂದಾಗುತ್ತೆ, ಸೂರ್ಯಕಾಂತಿ ಎಣ್ಣೆ ವಾಸಿ. ಸಕ್ಕರೆಯನ್ನು ನಾಲ್ಕು ಏಲಕ್ಕಿ ಜೊತೆ ಪುಡಿ ಮಾಡಿಕೊಂಡರೆ ಎಸೆನ್ಸಿನ ಖರ್ಚೇ ಇಲ್ಲ.

ಈಗ ಎಲ್ಲರೂ ಕೆಡಿಸೋ ಜಾಗ. ಕಲಸಿದ್ದೇ ತಡ, ಸೋಡಾ ಹಾಕಿ ಒಲೆಗೆ ಏರಿಸಿಬಿಡ್ತೀರಿ. ಆಮೇಲೆ ಹಲ್ಲಿಗೆ ಮರಳು ಸಿಕ್ಕ ಹಾಗಿದೆ ಅಂತ ರವೆಯನ್ನು ಬೈತೀರಿ. ರವೆ ನೆನೆಯದೆ ಮೆತ್ತಗಾಗುತ್ತಾ? ಸೋಡಾ ಬಿಟ್ಟು ಉಳಿದದ್ದೆಲ್ಲ ಕಲಸಿ, ತಟ್ಟೆ ಮುಚ್ಚಿ, ಅರ್ಧ ಗಂಟೆ ಮುಟ್ಟಬೇಡಿ. ಆಮೇಲೆ ಒಂದು ಚಿಟಿಕೆ ಹಿಟ್ಟು ತೆಗೆದು ಹೆಬ್ಬೆರಳು, ತೋರುಬೆರಳ ನಡುವೆ ತಿಕ್ಕಿ ನೋಡಿ. ಕಾಳು ಚುಚ್ಚಿದರೆ ಇನ್ನೂ ಹತ್ತು ನಿಮಿಷ ಬಿಡಿ. ಉಬ್ಬಿ, ಒತ್ತಿದರೆ ಜಾರಿದರೆ ಹದ ಬಂತು. ಅಷ್ಟು ಹೊತ್ತಿಗೆ ರವೆ ಮೊಸರನ್ನೆಲ್ಲ ಕುಡಿದು ಹಿಟ್ಟು ಮುದ್ದೆ ಕಟ್ಟಿರುತ್ತೆ. ಉಗುರುಬೆಚ್ಚಗಿನ ಹಾಲನ್ನು ಚಮಚ ಚಮಚವಾಗಿ ಸೇರಿಸಿ, ಒಂದೇ ಸಲ ಸುರಿಯಬೇಡಿ. ಸೌಟಿನಿಂದ ಬಿಟ್ಟರೆ ಹಿಟ್ಟು ಒಂದು ಕ್ಷಣ ಗುಡ್ಡೆಯಾಗಿ ನಿಂತು ಮೆಲ್ಲಗೆ ಹರಡಬೇಕು, ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿ. ನೀರಾದರೆ ರವೆ ತಳ ಸೇರಿ ಕೆಳಗೆ ಅಂಟಂಟು ಪದರ ಕೂರುತ್ತೆ.

ರವೆ ನೆನೆಯುವಾಗಲೇ ಕುಕ್ಕರ್ ಕಾಯಲಿ. ಹಳೇ ಕುಕ್ಕರ್ ತಗೊಳ್ಳಿ. ಗ್ಯಾಸ್ಕೆಟ್, ವೆಯ್ಟು ಎರಡೂ ತೆಗೆದಿಡಿ. ಒಣ ಬಿಸಿಗೆ ಗ್ಯಾಸ್ಕೆಟ್ ಸೆಟೆದು ಹಾಳಾಗುತ್ತೆ, ಒಳಗಿನ ಹಬೆಗೂ ದಾರಿ ಬೇಕು. ತಳಕ್ಕೆ ತೊಳೆದು ಚೆನ್ನಾಗಿ ಒಣಗಿಸಿದ ಮರಳು ಎರಡು ಬೆರಳು ದಪ್ಪ ಹರಡಿ, ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಕೆಲವರು ಉಪ್ಪು ಹಾಕ್ತಾರೆ. ಹಾಕಿದರೆ ಆರಿದ ಕೂಡಲೇ ತೆಗೆದುಬಿಡಿ, ತೇವ ತಗುಲಿದ ಉಪ್ಪು ಅಲ್ಯುಮಿನಿಯಂ ತಳವನ್ನು ತಿಂದು ಗುಳಿ ಮಾಡುತ್ತೆ.

ಸೋಡಾ ಅರ್ಧ ಚಹಾ ಚಮಚ, ತಲೆ ಸವರಿ. ಜಾಸ್ತಿಯಾದರೆ ಸಾಬೂನಿನ ರುಚಿ. ಒಂದು ಚಮಚ ಹಾಲಿನಲ್ಲಿ ಕದಡಿ, ಒಲೆಗೆ ಇಡೋ ಹೊತ್ತಿಗೆ ಮಾತ್ರ ಸೇರಿಸಿ. ಹುಳಿಗೂ ಸೋಡಾಕ್ಕೂ ಕೂಡಿದ ತಕ್ಷಣ ಗಾಳಿ ಹುಟ್ಟುತ್ತೆ, ನೀವು ಫೋನ್ ಹಿಡಿದು ನಿಂತರೆ ಅದು ಕಾಯೋದಿಲ್ಲ. ಮೊಸರು ಸಿಹಿಯಿದ್ದರೆ ಅರ್ಧ ನಿಂಬೆಹಣ್ಣು ಹಿಂಡಿ. ಎಣ್ಣೆ ಸವರಿ ಹಿಟ್ಟು ಉದುರಿಸಿದ ಡಬ್ಬಿಗೆ ಅರ್ಧದಿಂದ ಮುಕ್ಕಾಲಿನೊಳಗೆ ತುಂಬಿ, ಕಾದ ಕುಕ್ಕರಿನ ಸ್ಟ್ಯಾಂಡ್ ಮೇಲಿಟ್ಟು ಮುಚ್ಚಿ.

ಸಣ್ಣ ಉರಿ, ನಲವತ್ತು ನಿಮಿಷ. ಮೊದಲ ಅರ್ಧ ಗಂಟೆ ಮುಚ್ಚಳ ತೆರೆದರೆ ನಡು ಕುಸಿಯುತ್ತೆ. ಹಿಂದೆ ಇದ್ದಿಲ ಒಲೆಯಲ್ಲಿ ಮುಚ್ಚಳದ ಮೇಲೂ ಕೆಂಡ ಇಡ್ತಿದ್ದರು, ಅದಕ್ಕೇ ಮೇಲೆ ಬಣ್ಣ ಬರ್ತಿತ್ತು. ಗ್ಯಾಸಿನಲ್ಲಿ ಮೇಲ್ಭಾಗ ಬೆಳ್ಳಗೇ ಇರುತ್ತೆ. ಕೆಂಪಾಗಲಿ ಅಂತ ಕಾದರೆ ತಳ ಕರಕಲು. ಚಾಕು ಚುಚ್ಚಿ ಒಣಗಿ ಬಂದರೆ ಇಳಿಸಿ. ಪೂರ್ತಿ ಆರಿದ ಮೇಲೆ ಬೋರಲು ಹಾಕಿ, ಕೆಂಪಾದ ತಳವೇ ಮೇಲೆ ಬರುತ್ತೆ. ಬಿಸಿಯಲ್ಲಿ ತೆಗೆದರೆ ಪುಡಿಪುಡಿ. ಮರುದಿನಕ್ಕೆ ಒಣಗಿದೆ ಅನ್ನಿಸಿದರೆ ಹೋಳನ್ನು ಇಡ್ಲಿ ತಟ್ಟೆಯಲ್ಲಿಟ್ಟು ಎರಡು ನಿಮಿಷ ಹಬೆ ಕೊಡಿ.