ಎರೆ ಭೂಮಿಯಲ್ಲಿ ರಸ್ತೆ: ಡಾಂಬರಿಗೆ ಮೊದಲು ಬುಡ ನೋಡಿ

ಏಪ್ರಿಲ್ ಬಿಸಿಲಿನಲ್ಲಿ ಸಿಂಧನೂರು, ಮಾನ್ವಿ ಕಡೆಯ ಹಳ್ಳಿ ರಸ್ತೆಗಳ ಅಂಚು ಹಿಡಿದು ನಡೆದರೆ ಒಂದು ಬಿರುಕು ಕಣ್ಣಿಗೆ ಬೀಳುತ್ತದೆ. ಡಾಂಬರಿನ ಅಂಚಿನಿಂದ ಎರಡು ಮೂರು ಅಡಿ ಒಳಗೆ, ರಸ್ತೆಯ ಉದ್ದಕ್ಕೂ ಅದು ಓಡಿರುತ್ತದೆ. ಕಳೆದ ಬೇಸಿಗೆಯಲ್ಲಿ ಅಂಥದೊಂದು ಬಿರುಕಿನೊಳಗೆ ಶಾಲೆ ಮಕ್ಕಳ ಅಡಿಪಟ್ಟಿ ಇಳಿಸಿ ನೋಡಿದೆ. 30 ಸೆಂ.ಮೀ. ಪಟ್ಟಿ ಪೂರ್ತಿ ಇಳಿದರೂ ತಳ ಸಿಗಲಿಲ್ಲ. ಆ ರಸ್ತೆ ಕಂಡದ್ದು ಎರಡೇ ಮಳೆಗಾಲ. ಭತ್ತದ ಲಾರಿಗಳ ಭಾರಕ್ಕೆ ಹೀಗಾಯಿತು ಎಂದು ಊರವರು ಹೇಳಿದರು. ಲಾರಿಯ ಮಾತು ಆಮೇಲಿನದು; ಮೊದಲು ಸೀಳಿದ್ದು ನೀರು.

ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವಿದೆ. ಅದರ ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ, ನೀರು ಆರಿದರೆ ಕುಗ್ಗುತ್ತದೆ. ರಸ್ತೆಯ ನಡುಭಾಗದ ಮಣ್ಣು ಡಾಂಬರಿನ ಮರೆಯಲ್ಲಿ ಹೆಚ್ಚುಕಡಿಮೆ ಒಂದೇ ತೇವದಲ್ಲಿ ಇರುತ್ತದೆ. ಅಂಚಿನ ಮಣ್ಣಿಗೆ ಆ ಮರೆ ಇಲ್ಲ. ಅದು ವರ್ಷವರ್ಷವೂ ಏರಿಳಿಯುತ್ತದೆ. ಎರಡೂ ಕೂಡುವ ಗೆರೆಯಲ್ಲೇ ರಸ್ತೆ ಒಡೆಯುತ್ತದೆ.

ಮೊದಲು ಮಣ್ಣಿನ ಪರೀಕ್ಷೆ

ಮೇಲ್ಮಣ್ಣು ಬೇಡ. ಒಂದು ಮೀಟರ್ ಆಳದಿಂದ ಮಣ್ಣು ತೆಗೆಯಿರಿ. ಪ್ರಯೋಗಾಲಯದ ಓವನ್‌ನಲ್ಲಿ ಒಣಗಿಸಿ, 425 ಮೈಕ್ರಾನ್ ಜರಡಿಯಲ್ಲಿ ಇಳಿದ ಪುಡಿಯನ್ನು ತಲಾ 10 ಗ್ರಾಂನಂತೆ 100 ಮಿ.ಲೀ. ಅಳತೆಯ ಎರಡು ಗಾಜಿನ ಜಾಡಿಗಳಿಗೆ ಹಾಕಬೇಕು. ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ಶುದ್ಧ ನೀರು. ಗುಳ್ಳೆ ಹೋಗುವಂತೆ ಕಡ್ಡಿಯಿಂದ ಕಲಕಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ತಳದಲ್ಲಿ ತಣ್ಣಗೆ ಕೂರುತ್ತದೆ. ನೀರಿನ ಜಾಡಿಯಲ್ಲಿ ಅದೇ ಮಣ್ಣು ಅಂಬಲಿಯಂತೆ ಊದಿಕೊಂಡಿರುತ್ತದೆ. ಮಣ್ಣಿನ ಮಟ್ಟ ಸೀಮೆಎಣ್ಣೆಯ ಜಾಡಿಯಲ್ಲಿ 10 ಮಿ.ಲೀ., ನೀರಿನ ಜಾಡಿಯಲ್ಲಿ 18 ಮಿ.ಲೀ. ಬಂದರೆ ಉಬ್ಬುವಿಕೆ ಶೇ 80. ಇದು ಶೇ 50 ದಾಟಿದ ಮಣ್ಣನ್ನು ರಸ್ತೆಯ ಬುಡಕ್ಕೆ ಬಳಸಬಾರದು ಎಂಬುದು ನಿಯಮ. ಗುತ್ತಿಗೆದಾರರ ವರದಿಯಲ್ಲಿ ಈ ಸಂಖ್ಯೆ ಇದೆಯೇ ಎಂದು ಪಂಚಾಯಿತಿ ಸದಸ್ಯರು ಕೇಳಲೇಬೇಕು. ಜೊತೆಗೆ, ನಾಲ್ಕು ದಿನ ನೀರಿನಲ್ಲಿ ನೆನೆಸಿ ಮಣ್ಣಿನ ಭಾರ ಹೊರುವ ಶಕ್ತಿ ಅಳೆಯುವ ಸಿಬಿಆರ್ ಪರೀಕ್ಷೆಯ ಫಲಿತಾಂಶವನ್ನೂ ಕೇಳಿ. ಒಣಗಿದಾಗ ಕಲ್ಲಿನಂತಿರುವ ಎರೆ ಮಣ್ಣು ನೆನೆದ ಮೇಲೆ ಎಷ್ಟು ಮೆತ್ತಗಾಗುತ್ತದೆ ಎಂಬುದು ಆಗ ತಿಳಿಯುತ್ತದೆ.

ಗರಸೋ ಸುಣ್ಣವೋ?

ಹತ್ತಿರದಲ್ಲಿ ಒಳ್ಳೆಯ ಗರಸು ಸಿಗುವ ಕಡೆ ಎರೆ ಮಣ್ಣಿನ ಮೇಲೆ 60 ಸೆಂ.ಮೀ.ನಿಂದ ಒಂದು ಮೀಟರ್ ದಪ್ಪಕ್ಕೆ, ಉಬ್ಬದ ಆದರೆ ಅಂಟುಗುಣವಿರುವ ಮಣ್ಣಿನ ಹಾಸು ಹಾಕುವುದು ಸರಳ ದಾರಿ. ಐಐಟಿ ಬಾಂಬೆಯಲ್ಲಿ ಪ್ರಾಧ್ಯಾಪಕರಾಗಿದ್ದ ಆರ್.ಕೆ. ಕಟ್ಟಿ ಅವರು ರೂಪಿಸಿದ ವಿಧಾನವಿದು. ಬರಿ ಮರಳು ಇದಕ್ಕೆ ಆಗದು. ಅದು ನೀರನ್ನು ಹಿಡಿದಿಟ್ಟು ಕೆಳಗಿನ ಎರೆಗೆ ಕುಡಿಸುತ್ತದೆ.

ಗರಸು ದೂರವಾದರೆ ಸುಣ್ಣವೇ ನನ್ನ ಆಯ್ಕೆ. ಸುಣ್ಣ ಬೆರೆತ ಎರೆ ತನ್ನ ಗುಣವನ್ನೇ ಬಿಡುತ್ತದೆ: ಅಂಟು ಹೋಗಿ ಹುಡಿಹುಡಿಯಾಗುತ್ತದೆ, ದಿನ ಕಳೆದಂತೆ ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ ಮಣ್ಣಿನ ತೂಕದ ಶೇ 3ರಿಂದ 6ರಷ್ಟು ಸುಣ್ಣ ಬೇಕು. ನಿಖರ ಪ್ರಮಾಣವನ್ನು ಪ್ರಯೋಗಾಲಯದಲ್ಲೇ ಗೊತ್ತುಮಾಡಬೇಕು. 30 ಸೆಂ.ಮೀ. ದಪ್ಪಕ್ಕೆ ಶೇ 4 ಎಂದಾದರೆ ಚದರ ಮೀಟರಿಗೆ ಸುಮಾರು 18 ಕೆ.ಜಿ. ತಗಲುತ್ತದೆ. 6 ಮೀಟರ್ ಅಗಲಕ್ಕೆ ಹಾಸಿದರೆ ಒಂದು ಕಿಲೋಮೀಟರಿಗೆ 108 ಟನ್. ಚೀಲಗಳು ಇಳಿದಾಗ ಎಣಿಸಿಕೊಳ್ಳಿ. ಗಾಳಿಗೆ ಬಿದ್ದ ಹಳೆಯ ಸುಣ್ಣದಲ್ಲಿ ಸತ್ವ ಇರುವುದಿಲ್ಲ.

ಕೆಲಸವನ್ನು 15 ಸೆಂ.ಮೀ.ನ ಎರಡು ಪದರಗಳಲ್ಲಿ ಮಾಡಬೇಕು. ಮಣ್ಣಿನಲ್ಲಿ ಸ್ವಲ್ಪ ಹಸಿ ಇರುವಾಗಲೇ ಟ್ರ್ಯಾಕ್ಟರಿನ ರೋಟಾವೇಟರ್‌ನಿಂದ ಹೆಂಟೆ ಒಡೆಯಿರಿ. ಕಡು ಬೇಸಿಗೆಯ ಹೆಂಟೆ ಒಡೆಯಲು ಹೋದರೆ ರೋಟಾವೇಟರಿನ ಬ್ಲೇಡೇ ಸವೆಯುತ್ತದೆ. ಶೇ 80ರಷ್ಟು ಮಣ್ಣು 5.6 ಮಿ.ಮೀ. ಜರಡಿಯಲ್ಲಿ ಇಳಿಯುವಷ್ಟು ಸಣ್ಣಗಾಗಬೇಕು. ಅರ್ಧ ಸುಣ್ಣ ಬೆರೆಸಿ ನೀರು ಚಿಮುಕಿಸಿ ಒಂದು ದಿನ ಬಿಡಿ. ಮರುದಿನ ಮುಟ್ಟಿ ನೋಡಿದರೆ ನಿನ್ನೆ ಕೈಗೆ ಮೆತ್ತುತ್ತಿದ್ದ ಮಣ್ಣು ರವೆಯಂತೆ ಉದುರುತ್ತದೆ. ಆಗ ಉಳಿದ ಸುಣ್ಣ ಬೆರೆಸಿ ಮೂರು ಗಂಟೆಯೊಳಗೆ ರೋಲರ್ ಓಡಿಸಿ ಮುಗಿಸಬೇಕು. ಬೆರಕೆ ಸರಿಯಾಗಿದೆಯೇ ಎಂದು ತಿಳಿಯಲು ಅಲ್ಲಲ್ಲಿ ಗುಂಡಿ ತೋಡಿ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿ: ಸುಣ್ಣ ಸೇರಿದ ಕಡೆ ಕಡುಗುಲಾಬಿ ಬಣ್ಣ ಏಳುತ್ತದೆ, ಸೇರದ ಕಡೆ ಕಪ್ಪಾಗಿಯೇ ಉಳಿಯುತ್ತದೆ. ಏಳು ದಿನ ಹಸಿ ಆರದಂತೆ ನೋಡಿಕೊಂಡು, ಆಮೇಲೆ ಮೇಲಿನ ಪದರ ಹಾಕಿ. ಸುಣ್ಣ ಎರಚುವವರಿಗೆ ಕನ್ನಡಕ, ಕೈಗವಸು ಕೊಡದೆ ಕೆಲಸ ಶುರುಮಾಡಬೇಡಿ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ಒಂದು ಎಚ್ಚರಿಕೆ. ಮಣ್ಣಿನಲ್ಲಿ ಜಿಪ್ಸಂ ಅಥವಾ ಬೇರೆ ಸಲ್ಫೇಟ್ ಹೆಚ್ಚಿದ್ದರೆ ಸುಣ್ಣ ಅದರೊಂದಿಗೆ ಸೇರಿ ನೆಲವನ್ನು ಇನ್ನಷ್ಟು ಉಬ್ಬಿಸುತ್ತದೆ. ಸವುಳು ಕಾಣಿಸಿದ ಕಾಲುವೆ ಪ್ರದೇಶದಲ್ಲಿ ಸಲ್ಫೇಟ್ ಪರೀಕ್ಷೆಯನ್ನು ಬಿಡಬಾರದು.

ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದರೆ ಜಲ್ಲಿ ಕೆಸರಿನೊಳಗೆ ಹೂತುಹೋಗುವುದಿಲ್ಲ. ಜಿಯೋಗ್ರಿಡ್ ಜಾಲರಿ ಜಲ್ಲಿಯನ್ನು ಹಿಡಿದಿಟ್ಟು ಬಿರುಕು ಅಗಲವಾಗದಂತೆ ತಡೆಯುತ್ತದೆ. ಎರಡೂ ಉಪಯುಕ್ತವೇ. ಆದರೆ ಮಣ್ಣು ಉಬ್ಬುವುದನ್ನು ಇವು ನಿಲ್ಲಿಸಲಾರವು.

ಅಂಚಿಗೆ ಹಣ ಹಾಕಿ

ತುಂಗಭದ್ರಾ ಎಡದಂಡೆಯ ಭತ್ತದ ಗದ್ದೆಗಳಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುತ್ತದೆ, ಹಲವೆಡೆ ಗದ್ದೆಯ ಬದುವೇ ರಸ್ತೆಯ ಅಂಚು. ಇಲ್ಲಿ ಒಡ್ಡು ಏರಿಸದೆ ಡಾಂಬರು ಹಾಕುವುದು ದುಡ್ಡನ್ನು ಗದ್ದೆಗೆ ಸುರಿದಂತೆ. ಗರಸಿನ ಹಾಸಾಗಲಿ ಸುಣ್ಣದ ಪದರವಾಗಲಿ ಡಾಂಬರಿನ ಅಗಲಕ್ಕೇ ನಿಲ್ಲದೆ ಇಕ್ಕೆಲಗಳ ಅಂಚಿನ ಕೆಳಗೂ ಒಂದು ಮೀಟರ್ ಚಾಚಿರಬೇಕು. ಖರ್ಚು ಉಳಿಸಲು ಎಲ್ಲರೂ ಮೊದಲು ಕತ್ತರಿ ಹಾಕುವುದು ಈ ಒಂದು ಮೀಟರಿಗೇ; ರಸ್ತೆ ಒಡೆಯುವುದೂ ಅಲ್ಲೇ. ಚರಂಡಿಯನ್ನು ರಸ್ತೆಯ ಬುಡಕ್ಕೆ ಅಂಟಿಸದೆ ದೂರ ತೆಗೆದು, ಹಳ್ಳದವರೆಗೆ ಇಳಿಜಾರು ಕೊಡಿ. ಅಂಚಿನಲ್ಲಿ ಬೆಳೆದ ಬಳ್ಳಾರಿ ಜಾಲಿಯನ್ನು ಬೇರುಸಹಿತ ಕೀಳಿಸಿ. ಅದು ಬೇಸಿಗೆಯಲ್ಲಿ ಉಳಿದ ಅಲ್ಪ ತೇವವನ್ನೂ ಹೀರಿ ಮಣ್ಣನ್ನು ಸೀಳಿಸುತ್ತದೆ.

ಈಗಾಗಲೇ ಬಿರುಕು ಬಿಟ್ಟ ರಸ್ತೆಯಾದರೆ ಮೇ ತಿಂಗಳು ಮುಗಿಯುವುದರೊಳಗೆ ಬಿರುಕನ್ನು ಗುಡಿಸಿ, ಒಣ ಮರಳು ತುಂಬಿ, ಮೇಲಿನ ಎರಡು ಅಂಗುಲಕ್ಕೆ ಬಿಸಿ ಡಾಂಬರು ಹೊಯ್ಯಿಸಿ. ಜೂನ್‌ನ ಮೊದಲ ದೊಡ್ಡ ಮಳೆಯ ನೀರು ಆ ಬಾಯಿಯಿಂದಲೇ ಒಳಗೆ ಇಳಿಯುತ್ತದೆ.