ಕೀಮೋ ಸುಸ್ತಿಗೆ ಮನೆಮದ್ದು: ಲೋಟಕ್ಕೆ ಸುರಿಯುವ ಮುನ್ನ

ಚಿಕ್ಕಮ್ಮನ ಕ್ಯಾನ್ಸರಿಗೆ ಮೂರನೇ ಕೀಮೋ ಮುಗಿದ ವಾರ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಏಳು ಡಬ್ಬಿಗಳು ಸೇರಿದ್ದವು. ಅಶ್ವಗಂಧದ ಪುಡಿ, ಅಮೃತಬಳ್ಳಿ ಕಷಾಯ, ಗೋಧಿಹುಲ್ಲಿನ ಪುಡಿ, ಲಕ್ಷ್ಮಣಫಲದ ಒಣಗಿದ ಎಲೆ... ಒಂದೊಂದೂ ಒಬ್ಬೊಬ್ಬ ನೆಂಟರು ಪ್ರೀತಿಯಿಂದ ತಂದದ್ದು. ಚಿಕ್ಕಮ್ಮನಿಗೋ ಹಲ್ಲುಜ್ಜಿ ಬಂದು ಕೂತರೆ ಮತ್ತೆ ಏಳಲು ಅರ್ಧ ಗಂಟೆ ಬೇಕು. ‘ಮಲಗಿ ಎದ್ರೂ ಮಲಗೇ ಇಲ್ಲ ಅನ್ಸುತ್ತೆ ಕಣೇ’ ಅನ್ನುತ್ತಿದ್ದರು. ಕೀಮೋ ಸುಸ್ತಿನ ಗುಣವೇ ಅದು, ನಿದ್ದೆ ಮಾಡಿದರೆ ಇಳಿಯುವುದಿಲ್ಲ. ಇದೇ ಸ್ಥಿತಿ ನಿಮ್ಮ ಮನೆಯಲ್ಲೂ ಇದ್ದರೆ ಈ ಕ್ರಮದಲ್ಲಿ ಮುಂದುವರಿಯಿರಿ.

ಮೊದಲು ಕಾರಣ ಹುಡುಕಿ

ಎಲ್ಲ ಸುಸ್ತೂ ಕೀಮೋದ್ದೇ ಆಗಿರಬೇಕಿಲ್ಲ. ಹಿಮೋಗ್ಲೋಬಿನ್ ಇಳಿದಿರಬಹುದು, ಥೈರಾಯ್ಡ್ ಏರುಪೇರಾಗಿರಬಹುದು, ಭೇದಿಯಾಗಿ ಮೈಯಲ್ಲಿ ನೀರು, ಉಪ್ಪಿನಂಶ ಕಡಿಮೆಯಾಗಿರಬಹುದು, ಮನಸ್ಸು ಕುಗ್ಗಿರಬಹುದು. ಇವಕ್ಕೆಲ್ಲ ಬೇರೆಬೇರೆ ಚಿಕಿತ್ಸೆ ಇದೆ, ಯಾವ ಬೇರೂ ಅದರ ಬದಲಿಗೆ ನಿಲ್ಲುವುದಿಲ್ಲ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಕಷಾಯ ಕಾಯಿಸುತ್ತ ಕೂರಬೇಡಿ. ರಾತ್ರಿ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಹೊರಡಿ.

ಡಬ್ಬಿಗಳನ್ನೆಲ್ಲ ವೈದ್ಯರ ಮುಂದಿಡಿ

‘ಬೈದಾರು’ ಎಂದು ಬಹಳ ಜನ ಮುಚ್ಚಿಡುತ್ತಾರೆ. ನಾವೂ ಎರಡು ಭೇಟಿ ಬಾಯಿ ಬಿಡಲಿಲ್ಲ. ಅದು ತಪ್ಪು. ಕೀಮೋ ಔಷಧಿಗಳಲ್ಲಿ ಹೆಚ್ಚಿನವನ್ನು ಕರಗಿಸಿ ಹೊರಹಾಕುವುದು ಯಕೃತ್ತು, ಇಲ್ಲವೇ ಮೂತ್ರಪಿಂಡ. ಅದೇ ದಾರಿಯಲ್ಲಿ ಗಿಡಮೂಲಿಕೆಯೂ ಬಂದರೆ ಔಷಧಿ ರಕ್ತದಲ್ಲಿ ಜಾಸ್ತಿ ಹೊತ್ತು ನಿಲ್ಲಬಹುದು, ಇಲ್ಲವೇ ಬೇಗ ಹೋಗಿಬಿಡಬಹುದು. ಮೈಲೋಮಾ ಎಂಬ ರಕ್ತದ ಕ್ಯಾನ್ಸರಿನ ರೋಗಿಗಳಿಗೆ ಕೊಡುವ ಔಷಧಿ ಬೋರ್ಟೆಝೋಮಿಬ್‌ ಕೆಲಸಕ್ಕೆ ಗ್ರೀನ್ ಟೀಯ ಸತ್ವ ಅಡ್ಡಿಯಾಗುವುದು ಪ್ರಯೋಗಾಲಯದಲ್ಲಿ ಕಂಡಿದೆ. ಚಕ್ಕೋತವೂ ಕೆಲವು ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಬಲ್ಲದು. ಚಕ್ಕೋತಕ್ಕೆ ಹೆಸರಾದ ದೇವನಹಳ್ಳಿ ಕಡೆಯವರು ಇದನ್ನು ಮರೆಯಬಾರದು. ಪುಡಿ, ಕಷಾಯಗಳನ್ನು ನಿಲ್ಲಿಸಿ, ಹೆಸರು, ಅಳತೆ ಬರೆದುಕೊಂಡು ಡಬ್ಬಿ ಸಮೇತ ಹೋಗಿ.

ಯಾವುದಕ್ಕೆ ಪುರಾವೆ ಇದೆ?

ಸುಸ್ತಿನ ವಿಷಯದಲ್ಲಿ ಗಂಭೀರವಾಗಿ ಪರೀಕ್ಷೆಗೊಳಗಾದ ಮೂಲಿಕೆಗಳು ತೀರ ಕಡಿಮೆ. ಅದರಲ್ಲಿ ಮುಂದಿರುವುದು ಅಮೆರಿಕನ್ ಜಿನ್‌ಸೆಂಗ್ ಬೇರು. ಅಮೆರಿಕದ ಆಸ್ಪತ್ರೆ ಮೇಯೊ ಕ್ಲಿನಿಕ್‌ನ ಸಂಶೋಧಕರು 364 ರೋಗಿಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 2,000 ಮಿ.ಗ್ರಾಂ. ಬೇರಿನ ಪುಡಿ ತೆಗೆದುಕೊಂಡವರಿಗೆ ನಾಲ್ಕು ವಾರಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಎಂಟು ವಾರಕ್ಕೆ ಕಂಡಿತು. ಆದರೆ ರಕ್ತ ತೆಳುವಾಗಿಸುವ ವಾರ್ಫರಿನ್ ಜತೆ ಇದು ಹೊಂದುವುದಿಲ್ಲ, ಸಕ್ಕರೆಯನ್ನೂ ಇಳಿಸಬಹುದು.

ನಮ್ಮ ಅಶ್ವಗಂಧ? ಸ್ತನ ಕ್ಯಾನ್ಸರಿನ 100 ಮಹಿಳೆಯರ ಅಧ್ಯಯನವೊಂದರಲ್ಲಿ ಇದನ್ನು ತೆಗೆದುಕೊಂಡ ಗುಂಪಿನಲ್ಲಿ ಸುಸ್ತು ಕಡಿಮೆಯಿತ್ತು. ಆದರೆ ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿರಲಿಲ್ಲ, ಹೋಲಿಕೆಗೆ ಹುಸಿಮಾತ್ರೆಯೂ ಇರಲಿಲ್ಲ. ಜತೆಗೆ, ಅಪರೂಪಕ್ಕಾದರೂ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ. ಥೈರಾಯ್ಡ್ ಹಾರ್ಮೋನನ್ನೂ ಏರಿಸಬಹುದು. ಆದ್ದರಿಂದ ಆಂಕಾಲಜಿಸ್ಟ್ (ಕ್ಯಾನ್ಸರ್ ವೈದ್ಯರು) ಒಪ್ಪದೆ ಬೇಡ. ಅಮೃತಬಳ್ಳಿಯಿಂದ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಲಕ್ಷ್ಮಣಫಲದ ಎಲೆಯನ್ನಂತೂ ನಾನು ಬಿಸಾಡಿದೆ. ಕ್ಯಾನ್ಸರ್ ವಾಸಿಯಾಗುತ್ತದೆಂಬುದಕ್ಕೆ ಮನುಷ್ಯರ ಮೇಲಿನ ಪುರಾವೆ ಇಲ್ಲ, ನರಗಳಿಗೆ ಹಾನಿ ಮಾಡುವ ಅಂಶ ಅದರಲ್ಲಿದೆ.

ಅಡುಗೆಯಷ್ಟು ಸರಿ, ಔಷಧಿಯಷ್ಟು ಬೇಡ

ನಾವು ಕೊನೆಗೆ ಹಿಡಿದುಕೊಂಡ ಅಳತೆಗೋಲು ಇದೇ. ಸಾರಿಗೆ ಹಾಕುವಷ್ಟು ಅರಿಶಿನ ಸರಿ, ಅರಿಶಿನದ ಕ್ಯಾಪ್ಸೂಲ್ ಬೇಡ. ಶುಂಠಿಯೂ ಹಾಗೆಯೇ. ಅದು ನೇರವಾಗಿ ಸುಸ್ತು ಕಳೆಯುವುದಿಲ್ಲ. ಆದರೆ ವಾಕರಿಕೆ ಹಿಡಿತಕ್ಕೆ ಬಂದರೆ ಎರಡು ತುತ್ತು ಹೆಚ್ಚು ಒಳಗೆ ಹೋಗುತ್ತದೆ, ಚೈತನ್ಯ ಅಲ್ಲಿಂದ ಬರುತ್ತದೆ. ಅರ್ಧ ಬೆರಳ ಗೆಣ್ಣಿನಷ್ಟು ಶುಂಠಿಯ ಸಿಪ್ಪೆ ತೆಗೆದು ಜಜ್ಜಿ, ಒಂದೂವರೆ ಲೋಟ ನೀರಿಗೆ ಹಾಕಿ, ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ. ಚೂರು ಬೆಲ್ಲ ಸೇರಿಸಿ ಶೋಧಿಸಿ. ಉಗುರುಬೆಚ್ಚಗಾದ ಮೇಲೆ ದಿನವಿಡೀ ಗುಟುಕು ಗುಟುಕಾಗಿ ಕೊಡಿ. ಬಾಯಿಹುಣ್ಣಿದ್ದರೆ ನಿಂಬೆಹುಳಿ ಹಿಂಡಬೇಡಿ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆ ಎಂದಿದ್ದರೆ ಶುಂಠಿಯನ್ನೂ ಕೇಳಿಯೇ ಕೊಡಿ.

ಗೋಧಿಹುಲ್ಲಿನ ರಸ, ಹಸಿ ಸೊಪ್ಪಿನ ರಸ ಬೇಡವೇ ಬೇಡ. ಸಾಮಾನ್ಯವಾಗಿ ಕೀಮೋ ಆದ ಏಳರಿಂದ ಹದಿನಾಲ್ಕನೇ ದಿನದೊಳಗೆ ಬಿಳಿ ರಕ್ತಕಣಗಳು ತೀರ ಇಳಿಯುತ್ತವೆ. ಆಗ ಬೇಯಿಸದ ಎಲೆಗಂಟಿದ ಸೂಕ್ಷ್ಮಾಣುವೇ ಸೋಂಕು ತರಬಹುದು. ಬೇಯಿಸಿದ ಹೆಸರುಬೇಳೆ ತೊವ್ವೆ, ತೆಳ್ಳಗಿನ ರಾಗಿ ಗಂಜಿ, ಮೆತ್ತಗಿನ ಇಡ್ಲಿ ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ ಕೊಡಿ.

ಚಪ್ಪಲಿ ಹಾಕಿಸಿ

ಯಾವ ಬೇರು, ಎಲೆಗಿಂತಲೂ ಗಟ್ಟಿ ಪುರಾವೆ ಇರುವುದು ನಡಿಗೆಗೆ. ಸುಸ್ತಾದವರನ್ನು ನಡೆಸುವುದಾ ಎಂದು ನನಗೂ ಸಂಕಟವಾಗಿತ್ತು. ವೈದ್ಯರನ್ನು ಕೇಳಿ ಶುರುಮಾಡಿ. ಮೊದಲ ದಿನ ಚಿಕ್ಕಮ್ಮ ನನ್ನ ಭುಜ ಹಿಡಿದು ತುಳಸಿಕಟ್ಟೆಗೆ ಒಂದು ಸುತ್ತು ಹಾಕಿ, ಜಗಲಿಯ ಮೇಲೆ ಕೂತುಬಿಟ್ಟರು. ಮರುದಿನ ಎರಡು ಸುತ್ತು. ಯಾವ ಹೊತ್ತಿಗೆ ತುಸು ಹಗುರ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬಂದೆವು. ಅವರಿಗೆ ಅದು ಸಂಜೆ ಐದರ ಸುಮಾರು.

ಪುಡಿ ತರುವವರಿಗೂ ಬೇರೆ ಕೆಲಸ ಹಚ್ಚಿದೆವು. ‘ಒಂದು ಪಾತ್ರೆ ತೊವ್ವೆ ತನ್ನಿ, ಇಲ್ಲಾಂದ್ರೆ ಜತೆಗೆ ನಾಲ್ಕು ಹೆಜ್ಜೆ ನಡೀರಿ’ ಎಂದು ಕೇಳಿದೆ. ಗೋಧಿಹುಲ್ಲಿನ ಡಬ್ಬಿ ತಂದಿದ್ದ ಪಕ್ಕದ ಮನೆ ಅಜ್ಜಿ ಮಾರನೆಯ ದಿನದಿಂದ ಐದು ಗಂಟೆಗೆ ಸರಿಯಾಗಿ, ಚಪ್ಪಲಿ ಮೆಟ್ಟಿಕೊಂಡು ನಮ್ಮ ಗೇಟಿನ ಹತ್ತಿರ ನಿಂತಿರುತ್ತಿದ್ದರು.