ಟಾಂಗಾ ಇರುಸಿನ ಬಿರುಕು ನಿಂತದ್ದು ಹೀಗೆ

ಮೈಸೂರಿನ ಟಾಂಗಾ ಒಂದಕ್ಕೆ ನಾನು ಬಡಿದುಕೊಟ್ಟ, ಗಾಲಿಗಳು ತಿರುಗುವ ಉಕ್ಕಿನ ಇರುಸು ಮೂರೇ ವಾರದಲ್ಲಿ ಕುಲುಮೆಗೆ ಮರಳಿತು. ಗಾಲಿಯ ನಡುವಿನ ಗುಂಬ ಒರಗುವ ಭುಜದ ಬುಡದಲ್ಲಿ ಕೂದಲೆಳೆಯಂಥ ಗೆರೆ. ಕುದುರೆ, ಸವಾರರ ಜೀವ ಅದರ ಮೇಲಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

(ಗಾಡಿಯ ಇರುಸಿಗೂ, ಕಾದ ಉಕ್ಕನ್ನು ಒತ್ತಿ ಆಕಾರಕ್ಕೆ ತರುವ ಪಡಿಯಚ್ಚಿಗೂ ನಮ್ಮಲ್ಲಿ ಅಚ್ಚು ಎಂದೇ ಹೆಸರು. ಇಲ್ಲಿ ಗಾಡಿಯದನ್ನು ಇರುಸು, ಪಡಿಯಚ್ಚನ್ನು ಅಚ್ಚು ಎನ್ನುತ್ತೇನೆ.)

ಅರದಿಂದ ಉಜ್ಜಿದಾಗ ಗುಟ್ಟು ತಿಳಿಯಿತು. ಅದು ಮಡಿಕೆ, ಒಳಗೆ ಕಪ್ಪು ಕಿಟ್ಟ. ಮೇಲಚ್ಚು, ಕೆಳಗಚ್ಚುಗಳ ಅಂಚು ಚೂಪಾಗಿತ್ತು. ಒತ್ತಿದಾಗ ಅವುಗಳ ಸಂದಿನಿಂದ ಉಕ್ಕು ರೆಕ್ಕೆಯಂತೆ ಹೊರಬರುತ್ತಿತ್ತು. ಸರಳನ್ನು ತಿರುಗಿಸಿ ಮತ್ತೆ ಹೊಡೆದಾಗ ಆ ರೆಕ್ಕೆಯೇ ಮೈಯೊಳಗೆ ಮಡಚಿಕೊಳ್ಳುತ್ತಿತ್ತು.

ಅಚ್ಚಿನ ಅಂಚುಗಳನ್ನೂ ಭುಜದ ಮೂಲೆಯನ್ನೂ 3 ಮಿಲಿಮೀಟರಿನಷ್ಟು ದುಂಡಗೆ ಮಾಡಿದೆ. ಸರಳನ್ನು ಅಡಿಗಲ್ಲಿನ ಮೇಲೆಯೇ ಚೌಕ, ಎಂಟು ಮೂಲೆ, ಆಮೇಲೆ ದುಂಡಗೆ ತಂದು, ಕೊನೆಯ ಹದಕ್ಕಷ್ಟೇ ಅಚ್ಚಿಗೆ ಕೊಟ್ಟೆ. ಪ್ರತಿ ಪೆಟ್ಟಿಗೂ ಕಾಲು ಸುತ್ತು. ರೆಕ್ಕೆ ಕಂಡರೆ ಬಡಿಯದೆ ಚಾಣದಿಂದ ಕತ್ತರಿಸಿದೆ. ಹಳದಿ ಕಾವಿನಲ್ಲಿ ಆರಂಭಿಸಿ, ಕೆಂಪು ಮಂಕಾಗುವ ಮುನ್ನ ನಿಲ್ಲಿಸಿದೆ. ಆರಿದಾಗ ಉಕ್ಕು ಕುಗ್ಗುತ್ತದೆ. 40 ಮಿಲಿಮೀಟರಿಗೆ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚು ಇಟ್ಟುಕೊಳ್ಳಬೇಕು.

ಹೊಸ ಇರುಸನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಸುಣ್ಣದ ಪುಡಿ ಬಳಿದೆ. ಬಿರುಕಿದ್ದರೆ ಎಣ್ಣೆ ಜಿನುಗಿ ಒದ್ದೆ ಗೆರೆ ಮೂಡುತ್ತದೆ. ಒಂದು ಗಂಟೆ ಪಕ್ಕದಲ್ಲೇ ಕುಳಿತು ನೋಡಿದೆ. ಭುಜ ಬೆಳ್ಳಗೇ ಇತ್ತು. ಗಾಲಿ ಕಳಚದಂತೆ ತಡೆಯುವ ಕಡಾಣಿಯ ತೂತು ಕೊರೆದು, ಸಂಜೆಗೆ ಗಾಲಿ ಏರಿಸಿಕೊಟ್ಟೆ.